ಅಳಿಸಿದರೂ ಉಳಿಯುವ ಹಿಸ್ಟರಿ: ಕಚೇರಿ ಕಂಪ್ಯೂಟರಿನ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಾನು ಖಾಸಗಿ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಒಂಬತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಈಗ ಬೆಳಗಾವಿ ಶಾಖೆಗೆ ವರ್ಗವಾಗಿದ್ದು, ನಾನು ಬಳಸುತ್ತಿರುವ ಕಂಪ್ಯೂಟರನ್ನು ನನ್ನ ಜಾಗಕ್ಕೆ ಬರುವವರಿಗೆ ಒಪ್ಪಿಸಿ ಹೋಗಬೇಕು. ಕಳೆದ ಶ್ರಾವಣದಲ್ಲಿ ಎದೆಯಲ್ಲಿ ಗಂಟೊಂದು ಕೈಗೆ ಸಿಕ್ಕಾಗ, ಮನೆಯಲ್ಲಿ ಹೇಳಲು ಧೈರ್ಯ ಸಾಲದೆ, ಊಟದ ಬಿಡುವಿನಲ್ಲಿ ಅದೇ ಕಂಪ್ಯೂಟರಿನಲ್ಲಿ ಆ ಬಗ್ಗೆ ದಿನವೂ ಹುಡುಕಿ ಓದುತ್ತಿದ್ದೆ. ಪರೀಕ್ಷೆಯಲ್ಲಿ ಅದು ಸಾದಾ ಗಂಟು ಎಂದು ಗೊತ್ತಾಯಿತು. ಆದರೆ ಆರು ತಿಂಗಳು ಕಳೆದು, ಕ್ರೋಮ್‌ನ ಹಿಸ್ಟರಿಯನ್ನು ಅಳಿಸಿದ ಮೇಲೂ, ಅಡ್ರೆಸ್ ಬಾರ್‌ನಲ್ಲಿ ಒಂದೆರಡು ಅಕ್ಷರ ಒತ್ತಿದರೆ ಸಾಕು, ಆ ಹುಡುಕಾಟಗಳೇ ಸಾಲಾಗಿ ಕೆಳಗಿಳಿಯುತ್ತವೆ. ಕಂಪ್ಯೂಟರಿನಲ್ಲಿ ‘ಗುಪ್ತ ಹಿಸ್ಟರಿ’ ಬೇರೆಯೇ ಇರುತ್ತದೆ, ಅದನ್ನು ಅಳಿಸುವ ಉಚಿತ ಸಾಫ್ಟ್‌ವೇರ್ ಹಾಕಿಕೊಡುತ್ತೇನೆ ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಿದ್ದಾರೆ. ಹಾಕಿಸಬಹುದೇ? ಕಚೇರಿಯವರಿಗೆ ಇದೆಲ್ಲ ಈಗಾಗಲೇ ತಿಳಿದಿರಬಹುದೇ?
— ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಪರೀಕ್ಷೆಯ ಫಲಿತಾಂಶ ಒಳ್ಳೆಯದಾಗಿ ಬಂದದ್ದು ಎಲ್ಲಕ್ಕಿಂತ ದೊಡ್ಡ ಸಮಾಧಾನ. ಕಾಯಿಲೆಯ ಭಯದಲ್ಲಿ ನಾಲ್ಕು ಪುಟ ಓದಿದ್ದು ತಪ್ಪೂ ಅಲ್ಲ, ನಾಚಿಕೆಪಡುವ ವಿಷಯವೂ ಅಲ್ಲ. ಆದರೂ ಅದು ಇನ್ನೊಬ್ಬರ ಕಣ್ಣಿಗೆ ಬೀಳಬಾರದು ಎಂಬ ನಿಮ್ಮ ಬಯಕೆ ನ್ಯಾಯವಾದದ್ದೇ. ಆ ಸಾಫ್ಟ್‌ವೇರನ್ನು ಮಾತ್ರ ಹಾಕಿಸಬೇಡಿ. ಕಾರಣವನ್ನು ಮುಂದೆ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿಯೇ ಉತ್ತರದ ಸುಳಿವಿದೆ. ಕ್ರೋಮ್ ಬ್ರೌಸರ್ ತನ್ನ ಹಿಸ್ಟರಿ ಪುಟದಲ್ಲಿ ಕಳೆದ 90 ದಿನಗಳ ಭೇಟಿಗಳನ್ನು ಮಾತ್ರ ಇಟ್ಟುಕೊಂಡು, ಅದಕ್ಕಿಂತ ಹಳೆಯದನ್ನು ತಾನಾಗಿಯೇ ಬಿಟ್ಟುಬಿಡುತ್ತದೆ. ಶ್ರಾವಣದ ಹುಡುಕಾಟ ಆರು ತಿಂಗಳ ನಂತರವೂ ಎದ್ದು ಬರುತ್ತಿದೆ ಎಂದರೆ, ಅದು ಬಹುಮಟ್ಟಿಗೆ ಕಂಪ್ಯೂಟರಿನೊಳಗಿಂದ ಬರುತ್ತಿಲ್ಲ, ನಿಮ್ಮ ಗೂಗಲ್ ಖಾತೆಯಿಂದ ಬರುತ್ತಿದೆ. ಎಂದೋ ಒಮ್ಮೆ ಸ್ವಂತ ಜಿಮೇಲ್ ನೋಡಲು ಅಲ್ಲಿ ಸೈನ್ ಇನ್ ಆಗಿ, ಹೊರಬರುವುದನ್ನು ಮರೆತಿರಬೇಕು. ಖಾತೆಯಲ್ಲಿ ‘ವೆಬ್ ಆ್ಯಂಡ್ ಆ್ಯಪ್ ಆ್ಯಕ್ಟಿವಿಟಿ’ ಚಾಲೂ ಇದ್ದರೆ, ನೀವು ಗೂಗಲ್‌ನಲ್ಲಿ ಹುಡುಕಿದ್ದೆಲ್ಲ ಆ ಖಾತೆಯ ‘ಮೈ ಆ್ಯಕ್ಟಿವಿಟಿ’ ಪುಟದಲ್ಲಿ ಸೇರುತ್ತದೆ. ಬ್ರೌಸರಿನ ಹಿಸ್ಟರಿಯನ್ನು ಎಷ್ಟು ಸಲ ಅಳಿಸಿದರೂ ಆ ಪುಟ ಅಳಿಯುವುದಿಲ್ಲ. ಎರಡೂ ಬೇರೆ ಬೇರೆ ದಫ್ತರಗಳು. ಇದನ್ನೇ ಜನ ‘ಗುಪ್ತ ಹಿಸ್ಟರಿ’ ಎಂದು ತಿಳಿದು ಹೆದರುತ್ತಾರೆ.

ಇದರ ಇನ್ನೊಂದು ಮುಖ ಇನ್ನೂ ಕಷ್ಟದ್ದು. ಖಾತೆಯಲ್ಲಿ ಸಿಂಕ್ ಚಾಲೂ ಇದ್ದರೆ, ರಾತ್ರಿ ಮನೆಯಲ್ಲಿ ಸ್ವಂತ ಫೋನಿನಲ್ಲಿ ನೋಡಿದ್ದೂ ಬೆಳಿಗ್ಗೆ ಕಚೇರಿಯ ಕಂಪ್ಯೂಟರಿಗೆ ಬಂದು ಕೂರುತ್ತದೆ. ನಾನು ಕೆಲಸ ಮಾಡುತ್ತಿದ್ದ ಒಂದು ಕಚೇರಿಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಸಭೆಗೆಂದು ಸಹೋದ್ಯೋಗಿಯೊಬ್ಬರ ಲ್ಯಾಪ್‌ಟಾಪನ್ನು ಪ್ರೊಜೆಕ್ಟರಿಗೆ ಜೋಡಿಸಿದ್ದರು. ಮೇಲಧಿಕಾರಿಗಳು ಸೇವಾ ಸಿಂಧು ತಾಣವನ್ನು ತೆರೆಯಲೆಂದು ಅಡ್ರೆಸ್ ಬಾರ್‌ನಲ್ಲಿ ‘ಎಸ್’ ಎಂಬ ಒಂದೇ ಅಕ್ಷರ ಒತ್ತಿದರು. ಗೋಡೆಯ ಮೇಲೆ, ಇಪ್ಪತ್ತು ಜನರ ಎದುರು, ‘ಸೆಪರೇಷನ್ ಲಾಯರ್’ ಎಂದು ಶುರುವಾಗುವ ಮೂರು ಸಾಲುಗಳು ಮೂಡಿದವು. ಆ ಸಹೋದರಿ ಅದನ್ನು ಕಚೇರಿಯಲ್ಲಿ ಹುಡುಕಿರಲೇ ಇಲ್ಲ. ಹಿಂದಿನ ರಾತ್ರಿ ತವರಿನಲ್ಲಿ ಕುಳಿತು ತಮ್ಮ ಫೋನಿನಲ್ಲಿ ಹುಡುಕಿದ್ದರು. ಯಾರೂ ಏನೂ ಅನ್ನಲಿಲ್ಲ, ಆದರೆ ಮುಂದೆ ಎರಡು ವಾರ ಅವರು ಯಾರ ಮುಖವನ್ನೂ ನೇರವಾಗಿ ನೋಡಿ ಮಾತಾಡಲಿಲ್ಲ. ಕಚೇರಿಯ ಬ್ರೌಸರಿನಲ್ಲಿ ಸ್ವಂತ ಖಾತೆಯನ್ನು ಇಡಬೇಡಿ ಎಂದು ನಾನು ಅಂದಿನಿಂದ ಕೇಳಿದವರಿಗೂ ಕೇಳದವರಿಗೂ ಹೇಳುತ್ತಾ ಬಂದಿದ್ದೇನೆ.

ಆದ್ದರಿಂದ ಕೆಲಸ ಶುರುವಾಗಬೇಕಾದದ್ದು ನಿಮ್ಮ ಫೋನಿನಿಂದ. ಗೂಗಲ್ ಖಾತೆಯ ಭದ್ರತಾ ಪುಟದಲ್ಲಿ ನಿಮ್ಮ ಖಾತೆ ಯಾವ ಯಾವ ಸಾಧನಗಳಲ್ಲಿ ತೆರೆದಿದೆ ಎಂಬ ಪಟ್ಟಿ ಇರುತ್ತದೆ. ಅಲ್ಲಿ ಕಚೇರಿಯ ಕಂಪ್ಯೂಟರನ್ನು ಗುರುತಿಸಿ ಸೈನ್ ಔಟ್ ಮಾಡಿ. ‘ಮೈ ಆ್ಯಕ್ಟಿವಿಟಿ’ ಪುಟಕ್ಕೆ ಹೋಗಿ ಬೇಡವಾದ ಹುಡುಕಾಟಗಳನ್ನು ಅಳಿಸಿ, ಇನ್ನು ಮುಂದೆ 3 ತಿಂಗಳಿಗಿಂತ ಹಳೆಯದು ತಾನಾಗಿಯೇ ಅಳಿಯುವಂತೆ ಅಲ್ಲಿಯೇ ಹೊಂದಿಸಿಡಬಹುದು. ಈ ಎರಡಾದ ಮೇಲೆ ಕಚೇರಿಯ ಕಂಪ್ಯೂಟರಿಗೆ ಬನ್ನಿ, ಬ್ರೌಸರಿನಲ್ಲಿ ನಿಮ್ಮ ಖಾತೆಯ ಗುರುತು ಇನ್ನೂ ಇದ್ದರೆ ಅದನ್ನು ತೆಗೆಯಿರಿ, ಆಮೇಲೆ ಕಂಟ್ರೋಲ್, ಶಿಫ್ಟ್ ಮತ್ತು ಡಿಲೀಟ್ ಕೀಲಿಗಳನ್ನು ಒಟ್ಟಿಗೆ ಒತ್ತಿ. ತೆರೆಯುವ ಕಿಟಕಿಯಲ್ಲಿ ಬಹಳ ಜನ ಒಂದು ಸಂಗತಿಯನ್ನು ಗಮನಿಸುವುದಿಲ್ಲ: ಅಲ್ಲಿ ಮೊದಲೇ ಆಯ್ಕೆಯಾಗಿರುವುದು ‘ಕೊನೆಯ ಒಂದು ಗಂಟೆ’ಯಂಥ ಚಿಕ್ಕ ಅವಧಿ. ಅದನ್ನು ‘ಆಲ್ ಟೈಮ್’ ಎಂದು ಬದಲಿಸದೆ ಅಳಿಸಿದರೆ ಹಳೆಯದೆಲ್ಲ ಇದ್ದಲ್ಲೇ ಇರುತ್ತದೆ. ಹಿಸ್ಟರಿಯ ಜೊತೆಗೆ, ತಾಣಗಳು ಕಂಪ್ಯೂಟರಿನಲ್ಲಿ ಬಿಟ್ಟುಹೋಗುವ ಕುಕಿ ಮತ್ತು ಕ್ಯಾಶ್ ಎರಡನ್ನೂ ಗುರುತಿಸಿ.

ಇಲ್ಲಿ ಒಂದು ಎಚ್ಚರಿಕೆ. ಸಿಂಕ್ ಇನ್ನೂ ಚಾಲೂ ಇರುವಾಗ ‘ಪಾಸ್‌ವರ್ಡ್’ ಎಂಬ ಚೌಕವನ್ನೂ ಗುರುತಿಸಿ ಅಳಿಸಿದರೆ, ಕಚೇರಿಯ ಕಂಪ್ಯೂಟರಿನಲ್ಲಷ್ಟೇ ಅಲ್ಲ, ನಿಮ್ಮ ಖಾತೆಯಲ್ಲಿಯೂ ಫೋನಿನಲ್ಲಿಯೂ ಉಳಿಸಿಟ್ಟ ಪಾಸ್‌ವರ್ಡ್‌ಗಳು ಹೊರಟುಹೋಗುತ್ತವೆ. ಮೊದಲು ಸೈನ್ ಔಟ್, ಆಮೇಲೆ ಅಳಿಸುವುದು. ಈ ಕ್ರಮ ತಪ್ಪಬಾರದು. ಕಚೇರಿಯ ಲೆಕ್ಕಪತ್ರದ ತಾಣಗಳು, ಜಿಎಸ್‌ಟಿ ಪೋರ್ಟಲ್ ಮುಂತಾದವುಗಳ ಪಾಸ್‌ವರ್ಡ್ ಆ ಬ್ರೌಸರಿನಲ್ಲಿದ್ದರೆ ಅವು ಸಂಸ್ಥೆಯ ಸ್ವತ್ತು. ಅವನ್ನು ನಿಮ್ಮ ಮೇಲಿನವರಿಗೆ ಕ್ರಮವಾಗಿ ಒಪ್ಪಿಸದೆ ಅಳಿಸಬೇಡಿ.

ಇಷ್ಟಾದ ಮೇಲೂ ಅಡ್ರೆಸ್ ಬಾರ್‌ನ ಕೆಳಗೆ ಒಂದು ಸಾಲು ಉಳಿದುಕೊಂಡರೆ, ಬಾಣದ ಕೀಲಿಯಿಂದ ಆ ಸಾಲಿನ ಮೇಲೆ ಹೋಗಿ ಶಿಫ್ಟ್ ಮತ್ತು ಡಿಲೀಟ್ ಒತ್ತಿ. ಬುಕ್‌ಮಾರ್ಕ್ ಮಾಡಿದ್ದರೆ ಮಾತ್ರ ಅದು ಹಾಗೆ ಹೋಗುವುದಿಲ್ಲ, ಬುಕ್‌ಮಾರ್ಕನ್ನೇ ತೆಗೆಯಬೇಕು. ಡೌನ್‌ಲೋಡ್ಸ್ ಫೋಲ್ಡರನ್ನು ಒಮ್ಮೆ ತೆರೆದು ನೋಡಿ. ನನ್ನ ಅನುಭವದಲ್ಲಿ ಜನರನ್ನು ಹೆಚ್ಚು ಬಯಲಿಗೆ ಎಳೆಯುವುದು ಹಿಸ್ಟರಿಯಲ್ಲ, ಅಲ್ಲಿ ಬಿದ್ದಿರುವ ಪಿಡಿಎಫ್‌ಗಳು: ಲ್ಯಾಬಿನ ವರದಿ, ಆಧಾರ್ ಪ್ರತಿ, ಬ್ಯಾಂಕಿನ ಸ್ಟೇಟ್‌ಮೆಂಟ್. ಅವನ್ನು ಅಳಿಸಿ, ರಿಸೈಕಲ್ ಬಿನ್ ಕೂಡ ಖಾಲಿ ಮಾಡಿ.

ಇವೆಲ್ಲಕ್ಕಿಂತ ಸರಳವಾದ ದಾರಿಯೊಂದಿದೆ. ಬ್ರೌಸರಿನ ಹಿಸ್ಟರಿ ವಿಂಡೋಸ್‌ನಲ್ಲಿ ನಿಮ್ಮ ಯೂಸರ್ ಪ್ರೊಫೈಲ್‌ನ ಒಳಗೆ ಒಂದು ಕಡತವಾಗಿ ಇರುತ್ತದೆ. ನಿಮಗೆ ನಿಮ್ಮದೇ ಲಾಗಿನ್ ಇದ್ದರೆ, ಕಂಪ್ಯೂಟರ್ ಒಪ್ಪಿಸುವ ದಿನ ಐಟಿ ವಿಭಾಗದವರಿಗೆ ‘ಕಚೇರಿಯ ಕಡತಗಳನ್ನು ತೆಗೆದಿಟ್ಟುಕೊಂಡು ನನ್ನ ಪ್ರೊಫೈಲನ್ನು ತೆಗೆದುಹಾಕಿ, ಬರುವವರಿಗೆ ಹೊಸ ಲಾಗಿನ್ ಮಾಡಿಕೊಡಿ’ ಎಂದು ಒಂದು ಇಮೇಲ್ ಬರೆಯಿರಿ. ಇದರಲ್ಲಿ ಮುಚ್ಚುಮರೆಯಿಲ್ಲ, ಕಾರಣವನ್ನು ಹೇಳಬೇಕಾದ ಅಗತ್ಯವೂ ಇಲ್ಲ. ಕಂಪ್ಯೂಟರ್ ಕೈಬದಲಾಗುವಾಗ ಹೀಗೆಯೇ ಮಾಡಬೇಕು. ನಮ್ಮ ಅನೇಕ ಸಣ್ಣ ಕಚೇರಿಗಳಲ್ಲಿ ಎಲ್ಲರೂ ಒಂದೇ ಲಾಗಿನ್ ಬಳಸುತ್ತಾರೆ ಎನ್ನುವುದು ನನಗೆ ಗೊತ್ತು. ನಿಮ್ಮಲ್ಲಿಯೂ ಹಾಗಿದ್ದರೆ ಮೇಲೆ ಹೇಳಿದ ಕ್ರಮವನ್ನು ನೀವೇ ಮಾಡಬೇಕಾಗುತ್ತದೆ.

ಇನ್ನು ಆ ‘ಗುಪ್ತ ಹಿಸ್ಟರಿ’ಯ ಮಾತು ಎಲ್ಲಿಂದ ಬಂತು ಎಂದರೆ, ಅದು ಪೂರ್ತಿ ಸುಳ್ಳೇನೂ ಅಲ್ಲ, ಹಳೆಯದು. ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಕಾಲದಲ್ಲಿ ‘ಇಂಡೆಕ್ಸ್ ಡಾಟ್ ಡ್ಯಾಟ್’ ಎಂಬ ಮರೆಯಾಗಿಟ್ಟ ಕಡತಗಳಿದ್ದವು. ಹಿಸ್ಟರಿ ಅಳಿಸಿದ ಮೇಲೂ ಅವುಗಳಲ್ಲಿ ವಿಳಾಸಗಳು ಉಳಿಯುತ್ತಿದ್ದವು. ವಿಂಡೋಸ್ ಅವನ್ನು ಸದಾ ಬಳಸುತ್ತಿದ್ದುದರಿಂದ ಸಾಮಾನ್ಯ ರೀತಿಯಲ್ಲಿ ಅಳಿಸಲೂ ಬರುತ್ತಿರಲಿಲ್ಲ. ಅಂದು ಹುಟ್ಟಿದ ಭಯವನ್ನೇ ಬಂಡವಾಳ ಮಾಡಿಕೊಂಡು ಹತ್ತಾರು ‘ಕ್ಲೀನರ್’ ಸಾಫ್ಟ್‌ವೇರ್‌ಗಳು ಬಂದವು. 2012ರಲ್ಲಿ ಬಂದ ಆ ಬ್ರೌಸರಿನ 10ನೇ ಆವೃತ್ತಿಯಲ್ಲಿ ಈ ವ್ಯವಸ್ಥೆಯೇ ಬದಲಾಯಿತು, 2022ರ ಜೂನ್ 15ರಂದು ವಿಂಡೋಸ್ 10ರಲ್ಲಿ ಮೈಕ್ರೋಸಾಫ್ಟ್ ಅದಕ್ಕೆ ವಿದಾಯ ಹೇಳಿತು, ಭಯ ಮಾತ್ರ ಹೋಗಲಿಲ್ಲ. ಇಂದಿನ ಬ್ರೌಸರ್‌ಗಳಲ್ಲೂ ಅಳಿಸಿದ ದಾಖಲೆಯ ಚೂರುಗಳು ಡಿಸ್ಕಿನಲ್ಲಿ ಕೆಲಕಾಲ ಉಳಿಯಬಹುದು ಎನ್ನುವುದು ನಿಜ, ಆದರೆ ಅವನ್ನು ಹೆಕ್ಕಿ ತೆಗೆಯಲು ಅದಕ್ಕೆಂದೇ ಇರುವ ಉಪಕರಣಗಳು ಬೇಕು. ನಿಮ್ಮ ಕುರ್ಚಿಯಲ್ಲಿ ಬಂದು ಕೂರುವವರಿಗೆ ಅವು ಕಾಣುವುದಿಲ್ಲ.

ಉಚಿತ ಸಾಫ್ಟ್‌ವೇರ್ ಬೇಡವೆಂದದ್ದಕ್ಕೆ ಕಾರಣ 2017ರ ಒಂದು ಘಟನೆ. ಸಿಕ್ಲೀನರ್ ಎಂಬುದು ಇಂಥ ಸಾಫ್ಟ್‌ವೇರ್‌ಗಳಲ್ಲೇ ಹೆಸರಾದದ್ದು, ನಂಬಿಕಸ್ಥ ಎನಿಸಿಕೊಂಡದ್ದು. ಆ ವರ್ಷ ಅದನ್ನು ತಯಾರಿಸುವವರ ವ್ಯವಸ್ಥೆಯೊಳಗೇ ಕಳ್ಳರು ನುಗ್ಗಿ, ಅದರ 5.33ನೇ ಆವೃತ್ತಿಯಲ್ಲಿ ಕೆಟ್ಟ ಪ್ರೋಗ್ರಾಮನ್ನು ಸೇರಿಸಿಬಿಟ್ಟಿದ್ದರು. ಸುಮಾರು 22 ಲಕ್ಷಕ್ಕೂ ಹೆಚ್ಚು ಜನರ ಕಂಪ್ಯೂಟರಿಗೆ ಅದು ಅಧಿಕೃತ ತಾಣದಿಂದಲೇ ಇಳಿಯಿತು. ಹೆಸರಾಂತ ಸಾಫ್ಟ್‌ವೇರಿಗೇ ಹೀಗಾದರೆ, ಯಾರೋ ಪೆನ್‌ಡ್ರೈವ್‌ನಲ್ಲಿ ತಂದುಕೊಡುವುದನ್ನು ಸಂಸ್ಥೆಯ ಲೆಕ್ಕಪತ್ರವಿರುವ ಕಂಪ್ಯೂಟರಿಗೆ ಹಾಕುವುದು ದೊಡ್ಡ ಅಪಾಯ. ನಾಳೆ ಅಲ್ಲಿ ಏನಾದರೂ ಆದರೆ, ಅನುಮತಿಯಿಲ್ಲದೆ ಹಾಕಿದವರ ಹೆಸರಾಗಿ ಬರುವುದು ನಿಮ್ಮದೇ.

ಕೊನೆಯದಾಗಿ, ಕಚೇರಿಯವರಿಗೆ ಗೊತ್ತಿರಬಹುದೇ ಎಂಬ ನಿಮ್ಮ ಪ್ರಶ್ನೆ. ಕಚೇರಿಯ ಇಂಟರ್‌ನೆಟ್ ಒಂದು ಫೈರ್‌ವಾಲ್ ಅಥವಾ ಪ್ರಾಕ್ಸಿ ಸರ್ವರಿನ (ಹೋಗಿ ಬರುವ ಮಾಹಿತಿಗೆ ಕಾವಲಿನಂತಿರುವ ವ್ಯವಸ್ಥೆಯ) ಮೂಲಕ ಹಾದುಹೋಗುತ್ತಿದ್ದರೆ, ಯಾವ ಕಂಪ್ಯೂಟರಿನಿಂದ ಎಷ್ಟು ಹೊತ್ತಿಗೆ ಯಾವ ತಾಣ ತೆರೆಯಿತು ಎಂಬುದು ಅಲ್ಲಿನ ಲಾಗ್‌ನಲ್ಲಿ ಬರೆದಿಟ್ಟಿರುತ್ತದೆ. ವಿಳಾಸ ‘https’ ಎಂದು ಶುರುವಾಗುವ ತಾಣವಾಗಿದ್ದರೆ ಸಾಮಾನ್ಯವಾಗಿ ತಾಣದ ಹೆಸರು ಮಾತ್ರ ಕಾಣುತ್ತದೆ, ಒಳಗೆ ನೀವು ಓದಿದ ಪುಟವಾಗಲಿ ಹುಡುಕಿದ ಪದವಾಗಲಿ ಕಾಣುವುದಿಲ್ಲ. ಆದರೆ ಸಂಸ್ಥೆಯು ತನ್ನದೇ ಸರ್ಟಿಫಿಕೇಟನ್ನು ಕಂಪ್ಯೂಟರಿನಲ್ಲಿ ಸ್ಥಾಪಿಸಿ ತಪಾಸಣೆ ಮಾಡುವ ಏರ್ಪಾಡು ಇಟ್ಟುಕೊಂಡಿದ್ದರೆ ಅದನ್ನೂ ನೋಡಬಹುದು. ಈ ಲಾಗ್ ನಿಮ್ಮ ಕೈಯಲ್ಲಿಲ್ಲ, ಅದನ್ನು ಅಳಿಸಲು ಪ್ರಯತ್ನಿಸಲೂಬಾರದು. ಸೈಬರ್ ಭದ್ರತೆಯನ್ನು ನೋಡಿಕೊಳ್ಳುವ ಕೇಂದ್ರದ ಸಿಇಆರ್‌ಟಿ-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಕಂಪನಿಗಳು ಮತ್ತು ಸರ್ಕಾರಿ ಸಂಸ್ಥೆಗಳು ತಮ್ಮ ಕಂಪ್ಯೂಟರ್ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನಗಳ ಮಟ್ಟಿಗೆ ಕಾಪಾಡಿಕೊಳ್ಳಲೇಬೇಕು. ಆದರೆ ದಯವಿಟ್ಟು ಇದನ್ನೂ ತಿಳಿದುಕೊಳ್ಳಿ: ಆ ಲಾಗ್ ಎಂದರೆ ಇಡೀ ಕಚೇರಿಯ ಲಕ್ಷಾಂತರ ಸಾಲುಗಳ ರಾಶಿ. ವೈರಸ್ ಬಂದಾಗ, ದೂರು ಬಂದಾಗ ತೆರೆಯುತ್ತಾರೆಯೇ ಹೊರತು, ಯಾರು ಯಾವ ಕಾಯಿಲೆಯ ಬಗ್ಗೆ ಓದಿದರು ಎಂದು ನೋಡಲು ಕುಳಿತವರನ್ನು ನಾನಂತೂ ಕಂಡಿಲ್ಲ. ನೆಮ್ಮದಿಯಿಂದ ಬೆಳಗಾವಿಗೆ ಹೋಗಿ ಬನ್ನಿ.

ಪ್ರಶ್ನೆ: ನಾನು ಕಚೇರಿಯಲ್ಲಿ ಯಾವಾಗಲೂ ಇನ್‌ಕಾಗ್ನಿಟೋ ಕಿಟಕಿಯಲ್ಲೇ ಬೇರೆ ಕೆಲಸ ಹುಡುಕುತ್ತೇನೆ. ಇದು ಸಾಕಲ್ಲವೇ?
— ಓದುಗರು, ಬೆಂಗಳೂರು

ಉತ್ತರ: ಸಾಲದು. ಆ ಕಿಟಕಿಯನ್ನು ಮುಚ್ಚಿದಾಗ ಹಿಸ್ಟರಿ ಮತ್ತು ಕುಕಿ ಆ ಕಂಪ್ಯೂಟರಿನಿಂದ ಹೋಗುತ್ತವೆ, ಅಷ್ಟೇ. ನಿಮ್ಮ ಉದ್ಯೋಗದಾತರಿಗೂ ಇಂಟರ್‌ನೆಟ್ ಒದಗಿಸುವವರಿಗೂ ನಿಮ್ಮ ಚಟುವಟಿಕೆ ಕಾಣಬಹುದು ಎಂದು ಆ ಕಿಟಕಿ ತೆರೆದ ಕೂಡಲೇ ಕ್ರೋಮ್ ತಾನೇ ಬರೆದು ತೋರಿಸುತ್ತದೆ. ಅದನ್ನು ಓದುವ ತಾಳ್ಮೆ ನಮಗಿಲ್ಲ. ಇನ್‌ಕಾಗ್ನಿಟೋದಲ್ಲಿದ್ದಾಗಲೂ ಗೂಗಲ್ ತಮ್ಮ ಮಾಹಿತಿ ಸಂಗ್ರಹಿಸಿತು ಎಂದು ಅಮೆರಿಕದ ಬಳಕೆದಾರರು 2020ರಲ್ಲಿ ಮೊಕದ್ದಮೆ ಹೂಡಿದ್ದರು. 2024ರಲ್ಲಿ ಆದ ರಾಜಿಯಲ್ಲಿ ಕೋಟ್ಯಂತರ ದಾಖಲೆಗಳನ್ನು ನಾಶಮಾಡಲು ಗೂಗಲ್ ಒಪ್ಪಿಕೊಂಡಿತು. ಹೊಸ ಕೆಲಸವನ್ನು ನಿಮ್ಮ ಫೋನಿನಲ್ಲಿ, ಕಚೇರಿಯ ವೈಫೈ ಬಿಟ್ಟು ನಿಮ್ಮದೇ ಸಿಮ್ಮಿನ ಡೇಟಾದಲ್ಲಿ ಹುಡುಕಿ. ಬ್ರೌಸರಿನ ಮೂರು ಚುಕ್ಕೆಯ ಮೆನುವಿನ ತಳದಲ್ಲಿ ‘ಮ್ಯಾನೇಜ್ಡ್ ಬೈ ಯುವರ್ ಆರ್ಗನೈಸೇಶನ್’ ಎಂಬ ಸಾಲಿದ್ದರೆ, ಆ ಬ್ರೌಸರಿನ ಕಡಿವಾಣ ಸಂಸ್ಥೆಯ ಕೈಯಲ್ಲಿದೆ ಎಂದರ್ಥ. ಹಿಸ್ಟರಿ ಅಳಿಸುವ ಸೌಲಭ್ಯವನ್ನೇ ಅವರು ತಡೆದಿಡಬಲ್ಲರು.

ಪ್ರಶ್ನೆ: ನನ್ನ ಮೇಲೆ ಕಚೇರಿಯಲ್ಲಿ ಆಂತರಿಕ ವಿಚಾರಣೆ ಶುರುವಾಗಿದ್ದು, ಸೋಮವಾರ ಲ್ಯಾಪ್‌ಟಾಪ್ ಒಪ್ಪಿಸಬೇಕೆಂದು ನೋಟಿಸ್ ಬಂದಿದೆ. ಆರೋಪಕ್ಕೂ ನನಗೂ ಸಂಬಂಧವಿಲ್ಲ. ಆದರೆ ಅದರಲ್ಲಿ ಕುಟುಂಬದ ಫೋಟೋಗಳು, ಮನೆಯ ಸಾಲದ ಕಾಗದಗಳು, ಸ್ವಂತ ಬ್ರೌಸಿಂಗ್ ಎಲ್ಲ ಇವೆ. ಭಾನುವಾರದೊಳಗೆ ಎಲ್ಲವನ್ನೂ ಗುರುತು ಸಿಗದಂತೆ ಅಳಿಸುವುದು ಹೇಗೆ?
— ಹೆಸರು ಬೇಡ, ಮೈಸೂರು

ಉತ್ತರ: ಈ ಪತ್ರ ಅಚ್ಚಾಗುವ ಮೊದಲೇ ನಿಮಗೆ ನೇರವಾಗಿ ಉತ್ತರಿಸಿದ್ದೇನೆ, ಇದೇ ಸ್ಥಿತಿಯಲ್ಲಿ ಬೇರೆಯವರೂ ಇರಬಹುದೆಂದು ಇಲ್ಲಿಯೂ ಬರೆಯುತ್ತಿದ್ದೇನೆ. ಏನನ್ನೂ ಅಳಿಸಬೇಡಿ. ಒಂದು ಫೋಟೋವನ್ನೂ ಅಳಿಸಬೇಡಿ.

ಹುಬ್ಬಳ್ಳಿಯ ಸಹೋದರಿಗೆ ಹೇಳಿದ ಕ್ರಮ ನಿಮಗೆ ಅನ್ವಯಿಸುವುದಿಲ್ಲ. ಅವರು ವರ್ಗವಾಗಿ ಹೋಗುವಾಗ ತಮ್ಮ ವಸ್ತುಗಳನ್ನು ಎತ್ತಿಕೊಳ್ಳುತ್ತಿದ್ದಾರೆ. ನಿಮ್ಮ ಲ್ಯಾಪ್‌ಟಾಪ್ ನೋಟಿಸ್ ಬಂದ ಕ್ಷಣದಿಂದ ಸಾಕ್ಷ್ಯ. 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮು, ಮಾಲೀಕರ ಅನುಮತಿಯಿಲ್ಲದೆ ಕಂಪ್ಯೂಟರಿನಲ್ಲಿರುವ ಮಾಹಿತಿಯನ್ನು ನಾಶಪಡಿಸುವುದನ್ನೂ ಅಳಿಸುವುದನ್ನೂ ಹೆಸರಿಸಿಯೇ ಹೇಳುತ್ತದೆ; ಅದನ್ನು ಅಪ್ರಾಮಾಣಿಕವಾಗಿ ಅಥವಾ ವಂಚನೆಯ ಉದ್ದೇಶದಿಂದ ಮಾಡಿದರೆ 66ನೇ ಕಲಮಿನ ಅಡಿಯಲ್ಲಿ 3 ವರ್ಷಗಳವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ವಿಷಯ ಮುಂದೆ ಪೊಲೀಸರಿಗೋ ನ್ಯಾಯಾಲಯಕ್ಕೋ ಹೋದರೆ, ಸಾಕ್ಷ್ಯವಾಗಬಹುದಾದ ವಿದ್ಯುನ್ಮಾನ ದಾಖಲೆಯನ್ನು ನಾಶಪಡಿಸಿದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 241ನೇ ಕಲಮು ಕೂಡ ಎದುರಾಗಬಹುದು. ಕಾನೂನನ್ನು ಪಕ್ಕಕ್ಕಿಟ್ಟು ನೋಡಿದರೂ, ನೋಟಿಸ್ ಸಿಕ್ಕ ಮರುದಿನ ಖಾಲಿಯಾದ ಹಿಸ್ಟರಿ ಎಲ್ಲಕ್ಕಿಂತ ಗಟ್ಟಿಯಾಗಿ ಮಾತಾಡುತ್ತದೆ. ನೀವು ನಿರಪರಾಧಿಯಾಗಿದ್ದರೆ ಆ ದಾಖಲೆಯೇ ನಿಮ್ಮ ಪರವಾಗಿ ನಿಲ್ಲಬಹುದಾದ ಸಾಕ್ಷಿ; ಅದನ್ನು ನಿಮ್ಮ ಕೈಯಾರೆ ಕಳೆದುಕೊಳ್ಳಬೇಡಿ.

ಮಾಡಬೇಕಾದದ್ದು ಇಷ್ಟು. ವಿಚಾರಣಾಧಿಕಾರಿಗೆ ಇಂದೇ ಲಿಖಿತವಾಗಿ ತಿಳಿಸಿ: ಲ್ಯಾಪ್‌ಟಾಪಿನಲ್ಲಿ ಇಂತಿಂಥ ಫೋಲ್ಡರುಗಳಲ್ಲಿ ನನ್ನ ಕುಟುಂಬದ ಫೋಟೋ ಮತ್ತು ಸಾಲದ ಕಾಗದಗಳಿವೆ, ಅವು ಆರೋಪಕ್ಕೆ ಸಂಬಂಧಿಸಿದವಲ್ಲ, ಪರಿಶೀಲನೆಯ ವೇಳೆ ಅವನ್ನು ಪ್ರತ್ಯೇಕವಾಗಿಟ್ಟು ನನಗೆ ಪ್ರತಿ ಕೊಡಿ, ಸಾಧ್ಯವಾದರೆ ಪರಿಶೀಲನೆ ನನ್ನ ಸಮಕ್ಷಮದಲ್ಲಿ ಆಗಲಿ. ಲ್ಯಾಪ್‌ಟಾಪ್ ಒಪ್ಪಿಸುವಾಗ ಅದರ ಕ್ರಮಸಂಖ್ಯೆ, ದಿನಾಂಕ ಮತ್ತು ವೇಳೆಯನ್ನು ಬರೆದ ಸ್ವೀಕೃತಿ ಪತ್ರವನ್ನು ಸಹಿಯೊಂದಿಗೆ ಪಡೆಯದೆ ಕೈಬಿಡಬೇಡಿ. ನಿಮ್ಮ ಸ್ವಂತ ಬ್ಯಾಂಕ್ ಮತ್ತು ಇಮೇಲ್ ಖಾತೆಗಳ ಪಾಸ್‌ವರ್ಡನ್ನು ನಿಮ್ಮ ಫೋನಿನಿಂದ ಬದಲಿಸಿಕೊಳ್ಳಿ, ಬದಲಿಸಿದ್ದೇನೆ ಎಂಬುದನ್ನೂ ಅದೇ ಪತ್ರದಲ್ಲಿ ಒಂದು ಸಾಲು ಬರೆಯಿರಿ. ಆ ಪತ್ರವನ್ನು ಕೊಡುವ ಮೊದಲು ವಕೀಲರೊಬ್ಬರಿಗೆ ತೋರಿಸಿ.

ಪ್ರಶ್ನೆ: ಸಿಬ್ಬಂದಿಯ ಬ್ರೌಸಿಂಗನ್ನು ನೋಡುವ ಹಕ್ಕು ಸಂಸ್ಥೆಗೆ ನಿಜಕ್ಕೂ ಇದೆಯೇ? ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟೇ ಹೇಳಿದೆಯಲ್ಲ?
— ಓದುಗರು, ಶಿವಮೊಗ್ಗ

ಉತ್ತರ: ಹೇಳಿದೆ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಕೊಟ್ಟ ಆ ತೀರ್ಪು ಇಂದಿಗೂ ಕೆ. ಎಸ್. ಪುಟ್ಟಸ್ವಾಮಿ ಅವರ ಹೆಸರಿನಲ್ಲೇ ನಿಂತಿದೆ. ಕರ್ನಾಟಕ ಹೈಕೋರ್ಟಿನಿಂದ ನಿವೃತ್ತರಾಗಿದ್ದ ಆ ನ್ಯಾಯಮೂರ್ತಿಗಳು ಎಂಬತ್ತು ದಾಟಿದ ವಯಸ್ಸಿನಲ್ಲಿ ಆಧಾರ್ ವಿರುದ್ಧ ಅರ್ಜಿ ಹಾಕಿದ್ದರು ಎನ್ನುವುದನ್ನು ನಾವು ಕನ್ನಡಿಗರು ಹೆಮ್ಮೆಯಿಂದ ನೆನೆಯಬೇಕು. ಆದರೆ ಮೂಲಭೂತ ಹಕ್ಕು ಮುಖ್ಯವಾಗಿ ಸರ್ಕಾರದ ಎದುರಿನ ರಕ್ಷಣೆ. ಖಾಸಗಿ ಸಂಸ್ಥೆಯ ಕಂಪ್ಯೂಟರಿನ ವಿಷಯದಲ್ಲಿ ಇಂದು ಹೆಚ್ಚು ತೂಕವಿರುವುದು ನೇಮಕಾತಿ ಪತ್ರದ ಜೊತೆ ನೀವು ಸಹಿ ಹಾಕಿದ ಐಟಿ ನೀತಿಗೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ, ಉದ್ಯೋಗದ ಉದ್ದೇಶಕ್ಕೆ ಮತ್ತು ಉದ್ಯೋಗದಾತರನ್ನು ನಷ್ಟದಿಂದ ಕಾಪಾಡುವ ಉದ್ದೇಶಕ್ಕೆ ಸಿಬ್ಬಂದಿಯ ಮಾಹಿತಿಯನ್ನು ಬಳಸಲು ತನ್ನ 7ನೇ ಕಲಮಿನಲ್ಲಿ ಅವಕಾಶ ಕೊಟ್ಟಿದೆ.

ಯುರೋಪಿನ ಒಂದು ಪ್ರಕರಣ ನನಗೆ ಸರಿಯೆನಿಸುವ ಗೆರೆಯನ್ನು ಎಳೆದಿದೆ. ರುಮೇನಿಯಾದ ಬಾರ್ಬುಲೆಸ್ಕು ಎಂಬ ಎಂಜಿನಿಯರ್ ಕಚೇರಿಯ ಯಾಹೂ ಮೆಸೆಂಜರ್‌ನಲ್ಲಿ ತಮ್ಮ ಸಹೋದರನೊಂದಿಗೂ ಮದುವೆಯಾಗಲಿದ್ದ ಹುಡುಗಿಯೊಂದಿಗೂ ಮಾತಾಡಿದ್ದರೆಂದು, ಆ ಮಾತುಕತೆಯ 45 ಪುಟಗಳ ಮುದ್ರಣವನ್ನು ಅವರ ಮುಂದಿಟ್ಟು, 2007ರಲ್ಲಿ ಕೆಲಸದಿಂದ ತೆಗೆದರು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2017ರ ಸೆಪ್ಟೆಂಬರ್ 5ರಂದು ಅವರ ಪರ ತೀರ್ಪು ಕೊಟ್ಟಿತು. ನಿಗಾ ಇಡಲೇಬಾರದು ಎಂದು ಅದು ಹೇಳಲಿಲ್ಲ. ನಿಗಾ ಇದೆ ಎಂಬುದನ್ನೂ ಅದು ಎಷ್ಟು ಆಳದ್ದು ಎಂಬುದನ್ನೂ ಮೊದಲೇ ತಿಳಿಸಿದ್ದರೇ, ಅಷ್ಟು ಆಳಕ್ಕೆ ಇಳಿಯಲು ತಕ್ಕ ಕಾರಣವಿತ್ತೇ ಎಂದು ಕೇಳಿತು. ಆ ತೀರ್ಪು ನಮ್ಮನ್ನು ಕಟ್ಟುವುದಿಲ್ಲ, ಆದರೆ ಆ ಪ್ರಶ್ನೆಗಳನ್ನು ನಿಮ್ಮ ಸಂಸ್ಥೆಯ ಸಿಬ್ಬಂದಿ ವಿಭಾಗಕ್ಕೆ ವಿನಯದಿಂದ ಕೇಳಲು ಯಾವ ಅಡ್ಡಿಯೂ ಇಲ್ಲ. ನೀತಿಯ ಪ್ರತಿ ನಿಮ್ಮ ಬಳಿ ಇಲ್ಲದಿದ್ದರೆ ಅದನ್ನು ಕೇಳಿ ಪಡೆಯುವುದರಿಂದ ಶುರುಮಾಡಿ.

ಪ್ರಶ್ನೆ: ಮನೆಯಿಂದ ಕೆಲಸ ಮಾಡುವಾಗ ಕಚೇರಿಯ ಲ್ಯಾಪ್‌ಟಾಪಿನಲ್ಲಿ ಮಗ ಆಟದ ತಾಣಗಳನ್ನು ತೆರೆದಿದ್ದಾನೆ. ಮನೆಯ ವೈಫೈ ಆದ್ದರಿಂದ ಕಚೇರಿಗೆ ತಿಳಿಯುವುದಿಲ್ಲ ಅಲ್ಲವೇ?
— ಓದುಗರು, ಉಡುಪಿ

ಉತ್ತರ: ವೈಫೈ ಮನೆಯದಾದರೂ ಲ್ಯಾಪ್‌ಟಾಪ್ ಕಚೇರಿಯದು. ಲ್ಯಾಪ್‌ಟಾಪನ್ನು ಕಚೇರಿಯ ಜಾಲಕ್ಕೆ ಜೋಡಿಸುವ ವಿಪಿಎನ್ ಚಾಲೂ ಇದ್ದು ಎಲ್ಲವೂ ಕಚೇರಿಯ ಮೂಲಕವೇ ಹಾದುಹೋಗುವಂತೆ ಹೊಂದಿಸಿದ್ದರೆ, ಅಥವಾ ಲ್ಯಾಪ್‌ಟಾಪಿನೊಳಗೇ ನಿಗಾ ಸಾಫ್ಟ್‌ವೇರ್ ಇದ್ದರೆ, ತಿಳಿಯುತ್ತದೆ. ಮಗ ತೆರೆದದ್ದು ಆಟದ ತಾಣ ಮಾತ್ರವಾಗಿದ್ದರೆ ಗಾಬರಿ ಬೇಡ. ಆದರೆ ಅವನು ಏನನ್ನಾದರೂ ಡೌನ್‌ಲೋಡ್ ಮಾಡಿದ್ದಾನೆಯೇ, ಬ್ರೌಸರಿಗೆ ಎಕ್ಸ್‌ಟೆನ್ಷನ್ ಸೇರಿಸಿದ್ದಾನೆಯೇ ಎಂದು ಮಗನನ್ನು ಗದರಿಸದೆ ಕೇಳಿ ತಿಳಿದುಕೊಳ್ಳಿ. ಹೌದಾದರೆ ಹಿಸ್ಟರಿಯನ್ನು ಅಳಿಸುವ ಬದಲು ಐಟಿ ವಿಭಾಗಕ್ಕೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಯಾವ ತಾಣದಿಂದ ಇಳಿದದ್ದು ಎಂದು ಅವರು ಕೇಳುವ ಮೊದಲ ಪ್ರಶ್ನೆಗೆ ಉತ್ತರ ಆ ಹಿಸ್ಟರಿಯಲ್ಲೇ ಇರುತ್ತದೆ.